ಸಂಜೆಯಾದರೆ ಮಾಯವಾಗುವ ಫೋಲ್ಡರ್: ಟರ್ಮಿನಲ್ ಬಣ್ಣ, ಅಕ್ಷರದ ದೋಷ ಹುಡುಕುವ ಬಗೆ

ನಮ್ಮ ದೊಡ್ಡಪ್ಪನ ತೋಟ ಇರುವುದು ಚಿಕ್ಕಮಗಳೂರಿನ ಆಲ್ದೂರಿನ ಹತ್ತಿರ. ವಯಸ್ಸು 70 ದಾಟಿದೆ. ಕೆಲಸದಲ್ಲಿದ್ದಾಗ ಯುನಿಕ್ಸ್ ಕಂಪ್ಯೂಟರ್ ಮುಂದೆ ಕೂತು ಅಭ್ಯಾಸ. ರಿಟೈರ್ ಆಗಿ ಊರಿಗೆ ಬಂದ ಮೇಲೂ ಆ ಚಟ ಬಿಟ್ಟಿಲ್ಲ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡು, ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ದಿನಾ ಬೆಳಗ್ಗೆ ಮಳೆ ಅಳತೆ ಬರೆದಿಡುತ್ತಾರೆ. ವರ್ಷಕ್ಕೊಂದು ಫೋಲ್ಡರ್, ತಿಂಗಳಿಗೊಂದು ಫೈಲ್. ಅಳತೆ ಇಂಚು, ಸೆಂಟಿನಲ್ಲೇ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು). ಮಿಲಿಮೀಟರ್ ಅಂದರೆ ಮುಖ ಸಿಂಡರಿಸುತ್ತಾರೆ.

ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಕಾಯುವ ದಿನಗಳಲ್ಲಿ ಒಂದು ಸಂಜೆ ಫೋನ್ ಮಾಡಿದರು. "ಲೋ, ಫೋಲ್ಡರೆಲ್ಲಾ ಹೋಗ್ಬಿಟ್ಟಿದೆ ಕಣೋ. ಬೆಳಗ್ಗೆ ಇತ್ತು." ನಾನು ಹಾಸನದಲ್ಲಿ. ಸ್ಕ್ರೀನ್‌ಶಾಟ್ ಕಳಿಸಿ ಅಂದೆ. ವಾಟ್ಸ್‌ಆ್ಯಪ್‌ನಲ್ಲಿ ಬಂತು. ನೋಡಿದರೆ ಫೋಲ್ಡರೆಲ್ಲಾ ಇದ್ದಲ್ಲೇ ಇದೆ! ಮಾರನೇ ಬೆಳಗ್ಗೆ ಅವರೇ ಫೋನ್ ಮಾಡಿ "ವಾಪಸ್ ಬಂದಿದೆ" ಅಂದರು. ಸಂಜೆ ಮತ್ತೆ ಇಲ್ಲ. ಮೂರು ದಿನ ಹೀಗೇ ನಡೆಯಿತು. ಭಾನುವಾರ ಬೇಲೂರಿನ ಮೇಲೆ ಬಸ್ಸು ಹಿಡಿದು ಹೊರಟೆ.

ಅವತ್ತು ಕಲಿತದ್ದನ್ನೂ, ಆಮೇಲೆ ಆಫೀಸಿನಲ್ಲಿ ಒಬ್ಬಿಬ್ಬರಿಗೆ ಸರಿಮಾಡಿಕೊಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಆದೇಶಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿಕೊಳ್ಳಿ.

ಮೊದಲು ಏನು ಕಾಣುತ್ತಿಲ್ಲ ಅಂತ ಕೇಳಿ

"ಸರಿಯಾಗಿ ಕಾಣಲ್ಲ" ಅಂದ ಕೂಡಲೇ ಅಕ್ಷರ ದೊಡ್ಡದು ಮಾಡುವುದು ನಮ್ಮೆಲ್ಲರ ಅಭ್ಯಾಸ. ನಾನೂ ಫೋನಿನಲ್ಲಿ ಮೊದಲು ಹೇಳಿದ್ದು ಅದನ್ನೇ. ಕಂಟ್ರೋಲ್, ಶಿಫ್ಟ್, ಪ್ಲಸ್ ಒಟ್ಟಿಗೆ ಒತ್ತಿ ಅಂದೆ. ಅವರು ಒತ್ತಿದರು. ಕಾಣದೇ ಇದ್ದ ಫೋಲ್ಡರ್ ಇನ್ನೂ ದೊಡ್ಡದಾಗಿ ಕಾಣದೇ ಉಳಿಯಿತು, ಅಷ್ಟೇ.

ಎಲ್ಲಾ ಅಕ್ಷರವೂ ಚಿಕ್ಕದಾ? ಕೆಲವು ಸಾಲು ಮಾತ್ರ ಮಸುಕಾ? ಒಂದು ಅಂಕಿ ಇನ್ನೊಂದರಂತೆ ಕಾಣುತ್ತದಾ? ಕರ್ಸರ್ ಎಲ್ಲಿದೆ ಗೊತ್ತಾಗುವುದಿಲ್ವಾ? ಯಾವ ಹೊತ್ತಿನಲ್ಲಿ? ಈ ಐದರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಒಂದೊಂದರ ಕಾರಣ ಒಂದೊಂದು ಜಾಗದಲ್ಲಿರುತ್ತದೆ.

ಇನ್ನೊಂದು ಮಾತು. ಸ್ಕ್ರೀನ್‌ಶಾಟ್ ನಂಬಬೇಡಿ. ಅದು ಕಂಪ್ಯೂಟರ್ ಬರೆದ ಚಿತ್ರ. ಪರದೆಯ ಬೆಳಕು ಎಷ್ಟಿತ್ತು, ಮೇಲೆ ಯಾವ ಛಾಯೆ ಬಿದ್ದಿತ್ತು ಅನ್ನುವುದು ಅದರಲ್ಲಿ ಬರುವುದಿಲ್ಲ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಲು ಹೇಳಿ. ಇದು ಗೊತ್ತಿದ್ದಿದ್ದರೆ ನನ್ನ ಬಸ್ ಚಾರ್ಜ್ ಉಳಿಯುತ್ತಿತ್ತು. ದೊಡ್ಡಮ್ಮನ ಕಡುಬು ತಪ್ಪುತ್ತಿತ್ತು, ಆ ಮಾತು ಬೇರೆ.

ಬಣ್ಣ ಎಲ್ಲಿಂದ ಬರುತ್ತದೆ

ಇಷ್ಟು ಅರ್ಥವಾಗದೆ ಕೈ ಹಾಕಿದರೆ ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಂ ಸಾಮಾನ್ಯವಾಗಿ ಬಣ್ಣವನ್ನೇ ಕಳಿಸುವುದಿಲ್ಲ. ಬಣ್ಣದ ನಂಬರ್ ಕಳಿಸುತ್ತದೆ. 0ರಿಂದ 15ರವರೆಗೆ ಒಟ್ಟು 16 ನಂಬರ್. ಮೊದಲ ಎಂಟು ಮಾಮೂಲಿ, ಉಳಿದ ಎಂಟು ಅವುಗಳದೇ ಹೊಳಪು ರೂಪ. 1 ಅಂದರೆ ಕೆಂಪು, 2 ಹಸಿರು, 4 ನೀಲಿ. ಆದರೆ ಎಂಥ ನೀಲಿ ಅಂತ ತೀರ್ಮಾನಿಸುವುದು ನಿಮ್ಮ ಟರ್ಮಿನಲ್ಲಿನ ಪ್ಯಾಲೆಟ್, ಅಂದರೆ ಬಣ್ಣಗಳ ಪಟ್ಟಿ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಸಂಪರ್ಕ ಮಾಡಿ ಕೂತಿದ್ದರೂ ಅಷ್ಟೇ. ಅಲ್ಲಿಂದ ಬರುವುದು ನಂಬರ್, ಬಣ್ಣ ಬಳಿಯುವುದು ನಿಮ್ಮ ಮುಂದಿನ ಪರದೆ. ಹಾಗಾಗಿ ಸರ್ವರ್‌ನಲ್ಲಿ ಏನೂ ಮುಟ್ಟಬೇಕಾಗಿಲ್ಲ.

ಈ ನೀಲಿಯೇ ದೊಡ್ಡ ತಲೆನೋವು. ಒಳಗೆ ಏನೇನಿದೆ ಅಂತ ಪಟ್ಟಿ ಕೊಡುವ ಎಲ್‌ಎಸ್ ಆದೇಶ ಫೋಲ್ಡರ್ ಹೆಸರನ್ನು ತೋರಿಸುವುದು 4ನೇ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ. ಎಷ್ಟೋ ಟರ್ಮಿನಲ್‌ಗಳ ಹಿನ್ನೆಲೆ ಕಪ್ಪು. ಕಪ್ಪಿನ ಮೇಲೆ ಕಡು ನೀಲಿ, ಕಂಬಳಿ ಮೇಲೆ ಕಾಡಿಗೆ ಬಳಿದ ಹಾಗೆ. ನಮ್ಮ ಕಣ್ಣಿಗೆ ಹೊಳಪು ಜಾಸ್ತಿ ಕಾಣುವುದು ಹಸಿರಿನಿಂದ. ವೆಬ್ ಪುಟಗಳ ಓದುವಿಕೆ ಅಳೆಯುವ ಡಬ್ಲ್ಯೂಸಿಎಜಿ ನಿಯಮದ ಲೆಕ್ಕದಲ್ಲಿ ಹೊಳಪಿಗೆ ಹಸಿರಿನ ಪಾಲು ಸುಮಾರು 71.5%, ಕೆಂಪಿನದು 21%, ನೀಲಿಯದು ಬರೀ 7%. ಅದೇ ಲೆಕ್ಕದಲ್ಲಿ ಮಾಮೂಲಿ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಹೊಳಪಿನ ಅನುಪಾತ) ಬೇಕು, ಇನ್ನೂ ಚೆನ್ನಾಗಿರಬೇಕೆಂದರೆ 7ಕ್ಕೆ 1. ಕಪ್ಪಿನ ಮೇಲೆ ಪೂರ್ತಿ ನೀಲಿ ಹಾಕಿದರೂ ಸಿಗುವುದು 2.4ರಷ್ಟು. ಹಳೇ ಕಾಲದ ಕಡು ನೀಲಿಯಾದರೆ, ಅಂದರೆ ಕೆಂಪು 0, ಹಸಿರು 0, ನೀಲಿ 170 ಆದರೆ, 1.6 ಮಾತ್ರ. ಒಳ್ಳೆ ಕಣ್ಣಿನವರೇ ಕಣ್ಣು ಕಿರಿದು ಮಾಡಿ ಓದುವ ಅಳತೆ ಇದು.

ಬಿಳಿ ಹಿನ್ನೆಲೆ ಇಟ್ಟುಕೊಂಡವರಿಗೆ ಇದೇ ಕಥೆ ಹಳದಿಯ ಜೊತೆ. ಬಿಳಿ ಮೇಲೆ ಪೂರ್ತಿ ಹಳದಿಯ ಕಾಂಟ್ರಾಸ್ಟ್ 1.07. ಇಲ್ಲ ಅಂತಲೇ ಲೆಕ್ಕ.

ಆಲ್ದೂರಿನಲ್ಲಿ ಸಿಕ್ಕಿದ್ದು

ನಾನು ಹೋದಾಗ ಸಂಜೆ ಆರೂವರೆ. ಕೂತು ಐದು ನಿಮಿಷಕ್ಕೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಗೆ ತಿರುಗಿ ಪರದೆ ಮಂಕಾಯಿತು. "ಇದೇ ಕಳ್ಳ" ಅಂದುಕೊಂಡು ಬೆಳಕು ಪೂರ್ತಿ ಏರಿಸಿದೆ. ನನಗೆ ನೀಲಿ ಹೆಸರುಗಳು ಮಸುಕಾಗಿ ಕಂಡವು. ದೊಡ್ಡಪ್ಪನಿಗೆ ಕಾಣಲೇ ಇಲ್ಲ.

ಆಗ ಒಂದು ಸಣ್ಣ ಪರೀಕ್ಷೆ ಮಾಡಿದೆ. ಖಾಲಿ ಅಂತ ಅವರು ಹೇಳಿದ ಜಾಗದ ಮೇಲೆ ಮೌಸ್ ಒತ್ತಿ ಎಳೆದೆ. ಸೆಲೆಕ್ಟ್ ಆದ ಕೂಡಲೇ ಆ ಜಾಗದ ಬಣ್ಣ ತಿರುವುಮುರುವಾಗುತ್ತದಲ್ಲ, ಅಡಗಿದ್ದ ಹೆಸರುಗಳು ಎದ್ದು ಬಂದವು. "ಅಲ್ಲೇ ಕೂತಿದ್ಯಲ್ಲೋ!" ಅಂತ ಫೋಲ್ಡರನ್ನೇ ಬೈದರು. ಎರಡನೇ ಪರೀಕ್ಷೆಗೆ ಎಲ್‌ಎಸ್ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಎಂಟರ್ ಒತ್ತಿದೆ. ಹಾಗೆ ಮಾಡಿದರೆ ಎಲ್‌ಎಸ್‌ಗೆ ಬಣ್ಣ ಹಚ್ಚಲು ಇಟ್ಟಿರುವ ಅಡ್ಡಹೆಸರು (ಏಲಿಯಾಸ್) ಬಿಟ್ಟುಹೋಗಿ, ಎಲ್ಲವೂ ಒಂದೇ ಬಣ್ಣದಲ್ಲಿ ಬರುತ್ತದೆ. ಹೆಸರೆಲ್ಲಾ ಸರಾಗವಾಗಿ ಓದಿದರು. ಅಲ್ಲಿಗೆ ಫೈಲಿನ ತೊಂದರೆ ಅಲ್ಲ, ಅಕ್ಷರದ ಗಾತ್ರದ್ದೂ ಅಲ್ಲ, ಬಣ್ಣದ್ದೇ ಅಂತ ಗಟ್ಟಿಯಾಯಿತು.

ಆದರೆ ಬೆಳಗ್ಗೆ ಕಾಣುವುದು ಸಂಜೆ ಯಾಕೆ ಕಾಣುವುದಿಲ್ಲ?

ದೊಡ್ಡಪ್ಪನ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ. ಎಡಗಣ್ಣಿಗೆ ಇನ್ನೂ ಇಲ್ಲ. ಅವರೇ ಅಂಗೈಯಿಂದ ಒಂದೊಂದು ಕಣ್ಣು ಮುಚ್ಚಿ ನೋಡಿದರು. "ಈ ಕಣ್ಣಲ್ಲಿ ಏನೋ ಇದ್ದಂಗಿದೆ. ಈ ಕಣ್ಣಲ್ಲಿ ಏನೂ ಇಲ್ಲ." ಪೊರೆ ಬಂದ ಮಸೂರ ಹಳದಿ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಎಡಗಣ್ಣಿನ ಲೆಕ್ಕ ಸಿಕ್ಕಿತು. ಆದರೆ ಕಣ್ಣಿಗೆ ಬೆಳಗ್ಗೆ ಒಂದು, ಸಂಜೆ ಒಂದು ಅಂತ ಇಲ್ಲವಲ್ಲ.

ಸೆಟ್ಟಿಂಗ್ಸ್ ತೆಗೆದು ಡಿಸ್‌ಪ್ಲೇ ಕಡೆ ಹೋದೆ. ನೈಟ್ ಲೈಟ್ ಆನ್ ಆಗಿತ್ತು. ಸೂರ್ಯ ಮುಳುಗಿದಾಗ ಶುರು, ಹುಟ್ಟಿದಾಗ ನಿಲ್ಲು. ಕಣ್ಣಿಗೆ ಹಿತ ಅಂತ ಯಾರೋ ಹಾಕಿಕೊಟ್ಟಿದ್ದರಂತೆ. ನೈಟ್ ಲೈಟ್ ಮಾಡುವುದೇ ನೀಲಿ ಕಡಿಮೆ ಮಾಡುವುದು. ಮೊದಲೇ ಮಸುಕಾದ ನೀಲಿ, ಅದನ್ನು ಇನ್ನಷ್ಟು ಹೀರುವ ನೈಟ್ ಲೈಟ್, ಉಳಿದದ್ದನ್ನು ತಡೆಯುವ ಪೊರೆ. ಮೂರೂ ಸೇರಿ ಫೋಲ್ಡರನ್ನು ನುಂಗಿದ್ದವು. ಸ್ಕ್ರೀನ್‌ಶಾಟ್‌ನಲ್ಲಿ ಈ ಛಾಯೆ ಬಾರದ ಕಾರಣ ನನಗೆ ಎಲ್ಲವೂ ಸರಿ ಕಂಡಿತ್ತು.

ನೈಟ್ ಲೈಟ್ ಆರಿಸಿದರೆ ಮುಗಿಯಿತಲ್ಲ ಅಂದರೆ ದೊಡ್ಡಪ್ಪ ಒಪ್ಪಲಿಲ್ಲ. ಅವರಿಗೆ ಆ ಹಳದಿ ಬೆಳಕು ನಿಜಕ್ಕೂ ಹಿತ. ಸರಿ, ಪ್ಯಾಲೆಟ್ ಬದಲಾಯಿಸೋಣ ಅಂದೆ.

ಅವರು ಬಳಸುವ ಗ್ನೋಮ್ ಟರ್ಮಿನಲ್‌ನಲ್ಲಿ ಪ್ರಿಫರೆನ್ಸಸ್ ತೆಗೆದು, ಪ್ರೊಫೈಲ್ ಆರಿಸಿ, ಕಲರ್ಸ್ ಪುಟಕ್ಕೆ ಹೋಗಿ. ಸಿಸ್ಟಮ್ ಥೀಮಿನ ಬಣ್ಣ ಬಳಸುವ ಟಿಕ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಹಿನ್ನೆಲೆ, ಅಕ್ಷರದ ಬಣ್ಣಕ್ಕೆ ನೀವು ಏನು ಮಾಡಿದರೂ ನಾಟುವುದಿಲ್ಲ. ಕೆಳಗೆ ಎರಡು ಸಾಲಿನಲ್ಲಿ 16 ಬಣ್ಣದ ಚೌಕಗಳಿರುತ್ತವೆ. ಮೇಲಿನ ಸಾಲಿನ ಐದನೆಯದು ನೀಲಿ. ಎಣಿಕೆ 0ಯಿಂದ ಶುರುವಾಗುವುದರಿಂದ ಅದೇ 4ನೇ ನಂಬರ್. ಅದಕ್ಕೆ ಕೆಂಪು 130, ಹಸಿರು 170, ನೀಲಿ 255 ಕೊಟ್ಟೆ. ಕಪ್ಪಿನ ಮೇಲೆ ಇದರ ಕಾಂಟ್ರಾಸ್ಟ್ 9ರ ಹತ್ತಿರ. ಇಲ್ಲಿನ ಜಾಣತನ ಇರುವುದು ಆ 170ರ ಹಸಿರಿನಲ್ಲಿ. ನೈಟ್ ಲೈಟ್ ನೀಲಿಯನ್ನು ಎಷ್ಟೇ ಕಡಿದರೂ ಹೊಳಪನ್ನು ಹಸಿರು ಹಿಡಿದುಕೊಳ್ಳುತ್ತದೆ. ಎಡಗಣ್ಣಲ್ಲೂ ಕಂಡಿತು.

ಅದೇ ಪುಟದಲ್ಲಿ ದಪ್ಪ ಅಕ್ಷರವನ್ನು ಹೊಳಪು ಬಣ್ಣದಲ್ಲಿ ತೋರಿಸುವ ಒಂದು ಟಿಕ್ ಇದೆ. ಅದನ್ನು ಹಾಕಿದರೆ 4ನೆಯದರ ಬದಲು 12ನೇ ಬಣ್ಣ ಬರುತ್ತದೆ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಆದರೆ ಸೋಲರೈಸ್ಡ್ ಅನ್ನುವ ಸಿದ್ಧ ಪ್ಯಾಲೆಟ್ ಹಾಕಿಕೊಂಡವರು ಹುಷಾರು. ಅದರಲ್ಲಿ ಹೊಳಪು ಬಣ್ಣಗಳ ಜಾಗದಲ್ಲಿ ಹೆಚ್ಚಾಗಿ ಬೂದು ಛಾಯೆಗಳಿವೆ. 8ನೆಯದಂತೂ ಅದರ ಕಪ್ಪು ಹಿನ್ನೆಲೆಯ ಬಣ್ಣವೇ. ಪ್ರೋಗ್ರಾಂ 8ನೇ ಬಣ್ಣದಲ್ಲಿ ಏನಾದರೂ ಬರೆದರೆ ಯಾವ ಕಣ್ಣಿಗೂ ಕಾಣುವುದಿಲ್ಲ. ನೋಡಲು ಚೆಂದದ ಪ್ಯಾಲೆಟ್, ಕಣ್ಣು ಮಂಜಾದವರಿಗೆ ನಾನು ಹಾಕಿಕೊಡುವುದಿಲ್ಲ.

ಯಾವ ಬಣ್ಣ ಕಾಣುತ್ತಿಲ್ಲ ಅಂತ ಒಂದೇ ಸಲ ತಿಳಿಯಬೇಕೇ? ಟಿಪುಟ್ ಸೆಟ್‌ಎಎಫ್ ಅನ್ನುವ ಆದೇಶಕ್ಕೆ 0ರಿಂದ 15ರವರೆಗೆ ಒಂದೊಂದೇ ನಂಬರ್ ಕೊಟ್ಟು, ಆ ಬಣ್ಣದಲ್ಲಿ ಏನಾದರೂ ಬರೆಸಿ. ಕಂಪ್ಯೂಟರ್ ಬಳಸುವವರು ಗಟ್ಟಿಯಾಗಿ ಓದಲಿ. ನೀವು ಸುಮ್ನೆ ಕೂತು ಯಾವುದನ್ನು ಬಿಟ್ಟರು ಅಂತ ಬರೆದುಕೊಳ್ಳಿ. "ಇದು ಕಾಣ್ತದಾ?" ಅಂತ ತೋರಿಸಿ ಕೇಳಬೇಡಿ. ಇದೆ ಅಂತ ಗೊತ್ತಾದ ಮೇಲೆ ಕಣ್ಣು ಹೇಗೋ ಹುಡುಕಿಬಿಡುತ್ತದೆ. ಮುಗಿದ ಮೇಲೆ ಟಿಪುಟ್ ಎಸ್‌ಜಿಆರ್0 ಕೊಟ್ಟರೆ ಮಾಮೂಲಿ ಬಣ್ಣ ವಾಪಸ್.

ಪ್ಯಾಲೆಟ್ ಬದಲಾಯಿಸಿದರೂ ಬದಲಾಗದಿದ್ದರೆ

ಎರಡು ಕಾರಣ ಇರಬಹುದು. ಒಂದು, ಪ್ರೋಗ್ರಾಂ ಆ 16 ನಂಬರ್ ಬಿಟ್ಟು ಬೇರೆ ಬಳಸುತ್ತಿದೆ. 256 ಬಣ್ಣಗಳ ಪದ್ಧತಿಯಲ್ಲಿ ಮೊದಲ 16 ಮಾತ್ರ ನಿಮ್ಮ ಪ್ಯಾಲೆಟ್. ಆಮೇಲಿನ 216 ಬಣ್ಣ, 24 ಬೂದು ಛಾಯೆಗಳು ಸಾಮಾನ್ಯವಾಗಿ ಸ್ಥಿರ. ಟ್ರೂಕಲರ್ ಆದರೆ ಪ್ರೋಗ್ರಾಂ ನೇರವಾಗಿ ಬಣ್ಣವನ್ನೇ ಕಳಿಸುತ್ತದೆ, ಪ್ಯಾಲೆಟ್ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ಆ ಪ್ರೋಗ್ರಾಂನ ಥೀಮನ್ನೇ ಬದಲಾಯಿಸಬೇಕು. ಕಂಪ್ಯೂಟರಿನಲ್ಲಿ ಏನೇನು ಓಡುತ್ತಿದೆ ಅಂತ ತೋರಿಸುವ ಎಚ್‌ಟಾಪ್‌ನಲ್ಲಿ ಎಫ್2 ಒತ್ತಿದರೆ ಬಣ್ಣಗಳ ಪಟ್ಟಿ ಸಿಗುತ್ತದೆ, ಅದರಲ್ಲಿ ಒಂದೇ ಬಣ್ಣದ್ದೂ ಇದೆ. ಬಣ್ಣವೇ ಬೇಡ ಅನ್ನುವವರು ನೋ ಅಂಡರ್‌ಸ್ಕೋರ್ ಕಲರ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ (ಪ್ರೋಗ್ರಾಂಗಳು ನೋಡಿಕೊಳ್ಳುವ ಸೆಟ್ಟಿಂಗ್) 1 ಅಂತ ಕೊಟ್ಟು ನೋಡಿ. ಹೆಸರು ದೊಡ್ಡಕ್ಷರದಲ್ಲಿರಬೇಕು. ಎಲ್ಲಾ ಪ್ರೋಗ್ರಾಂಗಳೂ ಕೇಳುವುದಿಲ್ಲ, ಬಹಳಷ್ಟು ಕೇಳುತ್ತವೆ.

ಎರಡನೆಯದು ವಿಮ್ ಅನ್ನುವ ಎಡಿಟರಿನ ಹಳೇ ಕಾಯಿಲೆ. ಹಿನ್ನೆಲೆ ಕಪ್ಪೋ ಬಿಳಿಯೋ ಅಂತ ಅದು ತಾನೇ ಊಹೆ ಮಾಡುತ್ತದೆ. ಊಹೆ ತಪ್ಪಿದರೆ ಕಪ್ಪಿನ ಮೇಲೆ ಕಡು ನೀಲಿ ಕಾಮೆಂಟ್ ಬರೆಯುತ್ತದೆ. ಕೋಲನ್ ಒತ್ತಿ, ಸೆಟ್ ಬ್ಯಾಕ್‌ಗ್ರೌಂಡ್ ಈಕ್ವಲ್ ಟು ಡಾರ್ಕ್ ಅಂತ ಕೊಡಿ. ಸರಿಹೋದರೆ ಅದರ ಸೆಟ್ಟಿಂಗ್ ಇರುವ ವಿಮ್‌ಆರ್‌ಸಿ ಫೈಲಿಗೆ ಆ ಸಾಲು ಸೇರಿಸಿ.

ಹಾಸನದ ಆಫೀಸಿನಲ್ಲಿ ಜೊತೆ ಕೆಲಸ ಮಾಡುವ ಒಬ್ಬರಿಗೆ ಕೆಂಪು, ಹಸಿರು ಬೇರೆ ಮಾಡುವುದು ಕಷ್ಟ. ಕೋಡಿನಲ್ಲಿ ಏನು ಬದಲಾಯಿತು ಅಂತ ತೋರಿಸುವ ಗಿಟ್ ಡಿಫ್‌ನಲ್ಲಿ ತೆಗೆದ ಸಾಲು ಕೆಂಪು, ಸೇರಿಸಿದ ಸಾಲು ಹಸಿರು. ಅವರಿಗೆ ಎರಡೂ ಒಂದೇ ಕೆಸರು. ಸಾಲಿನ ಮುಂದಿನ ಪ್ಲಸ್, ಮೈನಸ್ ನೋಡಿ ಇಷ್ಟು ವರ್ಷ ಸಂಭಾಳಿಸಿದ್ದರು, ಯಾರಿಗೂ ಹೇಳಿರಲಿಲ್ಲ. ಗಿಟ್ ಕಾನ್ಫಿಗ್‌ನಲ್ಲಿ ಕಲರ್ ಡಾಟ್ ಡಿಫ್ ಡಾಟ್ ಓಲ್ಡ್‌ಗೆ ಹಳದಿ, ಡಾಟ್ ನ್ಯೂಗೆ ತಿಳಿ ನೀಲಿ ಕೊಟ್ಟೆವು. ಹತ್ತು ನಿಮಿಷದ ಕೆಲಸ.

ವಿಂಡೋಸ್ ಟರ್ಮಿನಲ್ ಬಳಸುವವರಿಗೆ ಒಂದು ಅನುಕೂಲ ಇದೆ. ಪ್ರೊಫೈಲ್‌ನ ಅಪಿಯರೆನ್ಸ್ ಪುಟದಲ್ಲಿ, ಹಿನ್ನೆಲೆಯಲ್ಲಿ ಕರಗಿಹೋಗುವ ಅಕ್ಷರದ ಹೊಳಪನ್ನು ತಾನಾಗಿಯೇ ಏರಿಳಿಸುವ ಆಯ್ಕೆ ಸಿಗುತ್ತದೆ. ಅದನ್ನು ಯಾವಾಗಲೂ ಅಂತ ಇಡಿ. "ಇದ್ದಕ್ಕಿದ್ದಂತೆ ಹಿಂದಿನ ಕಿಟಕಿಯೆಲ್ಲಾ ಕಾಣ್ತಿದೆ, ಓದಕ್ಕಾಗ್ತಿಲ್ಲ" ಅಂತ ಯಾರಾದರೂ ಅಂದರೆ, ಕಂಟ್ರೋಲ್, ಶಿಫ್ಟ್ ಹಿಡಿದು ಮೌಸ್ ಚಕ್ರ ತಿರುಗಿಸಿರುತ್ತಾರೆ. ಅದು ಪಾರದರ್ಶಕತೆ ಬದಲಾಯಿಸುವ ಕೀಲಿ. ಅಕ್ಷರ ದೊಡ್ಡದು ಮಾಡಲು ಕಂಟ್ರೋಲ್ ಮಾತ್ರ ಹಿಡಿಯಬೇಕು.

6 ಮತ್ತು 8

ಬಣ್ಣ ಸರಿಹೋದ ಮೇಲೆ ದೊಡ್ಡಪ್ಪ ಹಿಂದಿನ ಅಳತೆ ಓದಿದರು. "ಒಂದಿಂಚು ಅರವತ್ತಾರು ಸೆಂಟು." ಪರದೆಯಲ್ಲಿ 1.86 ಇತ್ತು. ಇದು ಬೇರೆಯದೇ ದೋಷ. ಫಾಂಟಿನದು.

ತೆಳ್ಳಗಿನ ಫಾಂಟ್‌ನಲ್ಲಿ 6, 8, 3ರ ಬಾಯಿ ಮುಚ್ಚಿಕೊಂಡು ಒಂದೇ ಆಗುತ್ತವೆ. ಸೊನ್ನೆಗೂ ಇಂಗ್ಲಿಷಿನ ಓಗೂ, ಒಂದಕ್ಕೂ ಎಲ್‌ಗೂ ಗಲಾಟೆ. ಪ್ರಿಫರೆನ್ಸಸ್‌ನ ಟೆಕ್ಸ್ಟ್ ಪುಟದಲ್ಲಿ ಕಸ್ಟಮ್ ಫಾಂಟ್ ಟಿಕ್ ಮಾಡಿ ಡೇಜಾವೂ ಸ್ಯಾನ್ಸ್ ಮೋನೋ ಬೋಲ್ಡ್ ಹಾಕಿದೆ. ಬ್ರೈಲ್ ಇನ್‌ಸ್ಟಿಟ್ಯೂಟ್‌ನವರು ಮಂದ ದೃಷ್ಟಿಯವರಿಗೆಂದೇ ಮಾಡಿಸಿದ ಅಟ್ಕಿನ್‌ಸನ್ ಹೈಪರ್‌ಲೆಜಿಬಲ್‌ಗೂ ಮೋನೋ ರೂಪ ಬಂದಿದೆ, ಉಚಿತ. ಎರಡನ್ನೂ ತೋರಿಸಿದೆ. ಅವರು ಡೇಜಾವೂ ಆರಿಸಿದರು. ಆರಿಸಬೇಕಾದವರು ಅವರೇ ಅಲ್ವಾ.

ಗಾತ್ರ 24 ಇಟ್ಟೆ. ಅಕ್ಷರ ಸೊಗಸಾಗಿ ಕಂಡಿತು, ಆದರೆ ಪಟ್ಟಿಯ ಸಾಲುಗಳು ಮಡಚಿಕೊಂಡವು. ಲ್ಯಾಪ್‌ಟಾಪಿನ ಪರದೆ 1366 ಪಿಕ್ಸೆಲ್ ಅಗಲ. 24ರಲ್ಲಿ ಒಂದು ಅಕ್ಷರಕ್ಕೆ ಸುಮಾರು 19 ಪಿಕ್ಸೆಲ್ ಬೇಕು, ಸಾಲಿಗೆ 71 ಅಕ್ಷರ ಹಿಡಿಯುತ್ತದೆ. ಅವರ ಪಟ್ಟಿ 80 ಅಕ್ಷರದ್ದು. 20ಕ್ಕೆ ಇಳಿಸಿದರೆ ಅಕ್ಷರಕ್ಕೆ 16 ಪಿಕ್ಸೆಲ್, ಸಾಲಿಗೆ 85. ಅಲ್ಲಿ ನಿಂತೆವು. ಕಳೆದುಕೊಂಡ ಗಾತ್ರಕ್ಕೆ ಬದಲಾಗಿ ಸೆಲ್ ಸ್ಪೇಸಿಂಗ್‌ನಲ್ಲಿ ಎತ್ತರವನ್ನು 1.2 ಮಾಡಿದೆ. ಸಾಲಿನ ನಡುವೆ ಗಾಳಿ ಆಡಿತು. ಕರ್ಸರನ್ನು ಗೆರೆಯಿಂದ ಬ್ಲಾಕ್‌ಗೆ ಬದಲಾಯಿಸಿ ಹಳದಿ ಬಣ್ಣ ಕೊಟ್ಟೆ.

ಹಿನ್ನೆಲೆ ಕಪ್ಪಿರಲೋ ಬಿಳಿಯೋ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಪೊರೆ ಇದ್ದವರಿಗೆ ಬಿಳಿ ಪರದೆ ಕಣ್ಣಿಗೆ ಹೊಡೆಯುತ್ತದೆ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ವಕ್ರತೆಯ ದೋಷ) ಇದ್ದವರಲ್ಲಿ ಹಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಸುತ್ತ ಬೆಳಕು ಹರಡುತ್ತದೆ. ದೊಡ್ಡಪ್ಪನಿಗೆ ಅಪ್ಪಟ ಕಪ್ಪಿನ ಬದಲು ಹಿನ್ನೆಲೆಗೆ ಕೆಂಪು, ಹಸಿರು, ನೀಲಿ ಮೂರೂ 20 ಇಟ್ಟು, ಅಕ್ಷರಕ್ಕೆ ಕೆನೆ ಬಣ್ಣ ಕೊಟ್ಟೆ. ಒಂದು ಗಂಟೆ ಕೂತು ಓದಿದ ಮೇಲೆ ಹೇಗಿದೆ ಅಂತ ಕೇಳಬೇಕು. ಹಾಕಿದ ನಿಮಿಷದಲ್ಲಿ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ.

ಕನ್ನಡ ಅಕ್ಷರದ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಡುತ್ತದೆ. ನಮ್ಮ ಒತ್ತಕ್ಷರ ಆ ಮನೆಯಲ್ಲಿ ಹಿಡಿಸುವುದಿಲ್ಲ. "ಅಕ್ಟೋಬರ್" ಅಂತ ಫೈಲಿಗೆ ಹೆಸರಿಟ್ಟರೆ ಬಹಳ ಟರ್ಮಿನಲ್‌ಗಳಲ್ಲಿ ಕ್ಟೋ ಚೂರಾಗುತ್ತದೆ. ಫಾಂಟ್ ಬದಲಾಯಿಸಿ ಸಮಯ ಕಳೆಯಬೇಡಿ. ತಿಂಗಳಿಗೆ 01, 02 ಅಂತ ಹೆಸರಿಟ್ಟು, ಕನ್ನಡ ಬರಹವನ್ನು ಮಾಮೂಲಿ ಎಡಿಟರ್‌ನಲ್ಲಿ ತೆರೆಯುವುದು ಮೇಲು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಬರುವ ಕಿಟಕಿ ಇಲ್ಲದ ಕಪ್ಪು ಪರದೆಯಲ್ಲಂತೂ ಕನ್ನಡ ಬರುವುದೇ ಇಲ್ಲ. ಅದರ ಫಾಂಟ್‌ಗೆ ಹೆಚ್ಚೆಂದರೆ 512 ಆಕಾರ. ಅಲ್ಲಿ ಇಂಗ್ಲಿಷ್ ಅಕ್ಷರ ದೊಡ್ಡದಾಗಬೇಕಾದರೆ ಡೆಬಿಯನ್, ಉಬುಂಟುವಿನಲ್ಲಿ ಕನ್ಸೋಲ್-ಸೆಟಪ್ ಪ್ಯಾಕೇಜನ್ನು ಡಿಪಿಕೆಜಿ-ರೀಕಾನ್ಫಿಗರ್ ಮಾಡಿ, ಟರ್ಮಿನಸ್ ಬೋಲ್ಡ್, 16x32 ಆರಿಸಿ.

ಹಸಿರು ಹೊಂಡ

ತಿಂಗಳು ಕಳೆದ ಮೇಲೆ ಮತ್ತೆ ಫೋನ್. "ಎಲ್ಲಾ ಚೆನ್ನಾಗಿದೆ ಕಣೋ. ಆದ್ರೆ ಆ ಹಳೇ ಹಾರ್ಡ್‌ಡಿಸ್ಕ್ ಹಾಕಿದ್ರೆ ಹಸಿರು ಹೊಂಡದ ಥರ ಕಾಣ್ತದೆ. ಒಳಗೇನಿದೆ ಗೊತ್ತಾಗಲ್ಲ." ಈ ಸಲ ಸ್ಕ್ರೀನ್‌ಶಾಟ್ ಕೇಳಲಿಲ್ಲ. ಮೊಬೈಲ್ ಫೋಟೋ ಬಂತು.

ಹಾರ್ಡ್‌ಡಿಸ್ಕ್ ಎನ್‌ಟಿಎಫ್‌ಎಸ್‌ನದು, ಅಂದರೆ ವಿಂಡೋಸ್ ಫೈಲ್ ಇಡುವ ಪದ್ಧತಿಯದು. ಅಂಥದ್ದನ್ನು ಲಿನಕ್ಸ್‌ಗೆ ಸಿಕ್ಕಿಸಿದರೆ ಎಷ್ಟೋ ಸಲ ಎಲ್ಲರೂ ಬರೆಯಬಹುದಾದ ಫೋಲ್ಡರ್ ಅಂತ ಲೆಕ್ಕವಾಗುತ್ತದೆ. ಅಂಥ ಫೋಲ್ಡರಿಗೆ ಎಲ್‌ಎಸ್ ಕೊಡುವುದು ಹಸಿರು ಹಿನ್ನೆಲೆ ಮೇಲೆ ನೀಲಿ ಅಕ್ಷರ. ನಾನು ನೀಲಿಯನ್ನು ತಿಳಿ ಮಾಡಿದ್ದೆನಲ್ಲ, ಹಸಿರಿನ ಮೇಲೆ ಅದು ಇನ್ನೂ ಕರಗಿತ್ತು. ಒಂದು ಕಡೆ ತೇಪೆ ಹಾಕಿ ಇನ್ನೊಂದು ಕಡೆ ಹರಿದಿದ್ದೆ.

ಇದನ್ನು ಪ್ಯಾಲೆಟ್‌ನಲ್ಲಿ ಸರಿಮಾಡಲು ಆಗದು. ಡಿರ್‌ಕಲರ್ಸ್ ಆದೇಶಕ್ಕೆ ಮೈನಸ್ ಪಿ ಕೊಟ್ಟರೆ ಎಲ್‌ಎಸ್ ಬಳಸುವ ಬಣ್ಣಗಳ ಪಟ್ಟಿ ಬರುತ್ತದೆ. ಅದನ್ನು ಹೋಮ್ ಫೋಲ್ಡರಿನಲ್ಲಿ ಡಾಟ್ ಡಿರ್‌ಕಲರ್ಸ್ ಅನ್ನುವ ಹೆಸರಿನಲ್ಲಿ ಉಳಿಸಲು ಹೇಳಿದೆ. ಅದರಲ್ಲಿ ಅದರ್ ಅಂಡರ್‌ಸ್ಕೋರ್ ರೈಟಬಲ್ ಅನ್ನುವ ಸಾಲು ಹುಡುಕಿಸಿದೆ. ಮುಂದೆ 34;42 ಅಂತ ಇತ್ತು. 34 ಅಂದರೆ ನೀಲಿ ಅಕ್ಷರ, 42 ಅಂದರೆ ಹಸಿರು ಹಿನ್ನೆಲೆ. ಎರಡನ್ನೂ ಅಳಿಸಿ 01;33 ಬರೆಸಿದೆ, ದಪ್ಪ ಹಳದಿ, ಹಿನ್ನೆಲೆ ಇಲ್ಲ. ಟರ್ಮಿನಲ್ ಮುಚ್ಚಿ ತೆರೆಯಿರಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದೊಂದೇ ಫೋಲ್ಡರಿನ ಹೆಸರು ಗಟ್ಟಿಯಾಗಿ ಓದುವುದು ಕೇಳಿಸಿತು.